ಡೇಟ್ ಮುಗಿದ ಬಾಟಲಿ ಎಸೆದ ಮೇಲೆ

ಪ್ರೋಟೀನ್ ಹರಳು ಬೆಳೆಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಒಮ್ಮೆ ಸೇಫ್ಟಿ ಆಡಿಟ್ ಇತ್ತು. ಹಿಂದಿನ ದಿನ ಎಲ್ಲರೂ ಸೇರಿ ಕೆಮಿಕಲ್ ಕಪಾಟು ಖಾಲಿ ಮಾಡುತ್ತಿದ್ದೆವು. ಹೊಸದಾಗಿ ಸೇರಿದ್ದ ಹುಡುಗಿ ಒಂದು ಪೆಗ್ 3350 (ಪಾಲಿಎಥಿಲೀನ್ ಗ್ಲೈಕಾಲ್, ಪ್ರೋಟೀನನ್ನು ದ್ರಾವಣದಿಂದ ಹರಳಾಗಿಸಲು ಬಳಸುವ ಪಾಲಿಮರ್) ಬಾಟಲಿ ಎತ್ತಿ ತೋರಿಸಿ, "ಮೇಡಂ, ಇದರ ಡೇಟ್ ಮುಗಿದು ಮೂರು ವರ್ಷ ಆಗಿದೆ. ಎಸೆಯೋದಾ?" ಅಂದಳು. ನಾನು ಬೇರೇನೋ ಬರೆಯುತ್ತಾ "ಹ್ಞೂಂ, ಎಸಿ" ಅಂದೆ. ತಪ್ಪು ಅವಳದ್ದಲ್ಲ, ನನ್ನದು.

ಆಗ ನಾವು ಬೆಳೆಸುತ್ತಿದ್ದ ಹರಳಿಗೆ ಬೇಕಾಗಿದ್ದದ್ದು ಇಷ್ಟೇ: ಶೇಕಡಾ 20 ಪೆಗ್ 3350, ಜೊತೆಗೆ 0.2 ಮೋಲಾರ್ ಅಮೋನಿಯಂ ಕ್ಲೋರೈಡ್. ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ಬಫರ್ ಇರಲಿಲ್ಲ. ತಟ್ಟೆಯ ಬಾವಿಯಲ್ಲಿ, ಅಂದರೆ ಸಣ್ಣ ಗುಳಿಯಲ್ಲಿ, 500 ಮೈಕ್ರೋಲೀಟರ್ ದ್ರಾವಣ. ಗಾಜಿನ ಕವರ್ ಸ್ಲಿಪ್ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನ್, ಒಂದು ಮೈಕ್ರೋಲೀಟರ್ ದ್ರಾವಣ. ಗ್ರೀಸ್ ಹಚ್ಚಿ ಮಗುಚಿಟ್ಟರೆ ನಾಲ್ಕನೇ ದಿನಕ್ಕೆ ಹನಿಯ ಅಂಚಿನಲ್ಲಿ ಕಲ್ಲುಸಕ್ಕರೆ ಚೂರಿನಂಥ ಹರಳು ಕಾಣುತ್ತಿತ್ತು.

ಹೊಸ ಪೆಗ್ ತರಿಸಿ ಅದೇ ಅಳತೆಯಲ್ಲಿ ಇಟ್ಟೆವು. ವಾರ ಕಳೆದರೂ ಹನಿ ತಿಳಿಯಾಗೇ ಇತ್ತು. ಪ್ರೋಟೀನ್ ಕೆಟ್ಟಿದೆ ಅಂದುಕೊಂಡು ಮತ್ತೆ ಶುದ್ಧ ಮಾಡಿದೆವು. ಆಮೇಲೆ ರೂಮಿನ ತಾಪಮಾನದ ಮೇಲೆ ಅನುಮಾನ ಬಂತು. ಹೀಗೇ ಎರಡು ತಿಂಗಳು ಹೋಯಿತು. ಆ ಹುಡುಗಿ ದಿನಾ ಬೆಳಿಗ್ಗೆ ಬಂದವಳೇ ಬ್ಯಾಗನ್ನೂ ಇಳಿಸದೆ ಮೈಕ್ರೋಸ್ಕೋಪ್ ಹತ್ತಿರ ಹೋಗುತ್ತಿದ್ದಳು. ಅವಳ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು.

ಕೊನೆಗೆ ಕೋಲ್ಡ್ ರೂಮಿನಲ್ಲಿ ಹಳೇ ಪೆಗ್ಗಿನಿಂದ ಮಾಡಿಟ್ಟ ಶೇಕಡಾ 50ರ ಸ್ಟಾಕ್ (ಬೇಕಾದಾಗ ತೆಳುಮಾಡಿ ಬಳಸುವ ಗಟ್ಟಿ ದ್ರಾವಣ) ಒಂದು ಟ್ಯೂಬಿನ ತಳದಲ್ಲಿ ಸಿಕ್ಕಿತು. ಮಾರ್ಕರ್ ಬರಹ ಎಥನಾಲ್ ತಾಗಿ ಅರ್ಧ ಅಳಿಸಿತ್ತು. ಅದರಲ್ಲಿ ಒಂದು ಹನಿ ಇಟ್ಟೆವು. ನಾಲ್ಕನೇ ದಿನ ಹರಳು! ತಕ್ಷಣ ಎರಡೂ ದ್ರಾವಣಗಳ ಪಿಹೆಚ್ (ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) ನೋಡಿದೆವು. ಹೊಸದು 6ರ ಮೇಲಿತ್ತು, ಹಳೆಯದು 4.6.

ಪೆಗ್ ಸುಮ್ನೆ ಕೂತಿರುವ ವಸ್ತು ಅಲ್ಲ. ಗಾಳಿ, ಬೆಳಕು, ಬಿಸಿ ತಾಗಿದರೆ ಅದರ ಸರಪಳಿ ನಿಧಾನವಾಗಿ ಮುರಿಯುತ್ತದೆ. ಪೆರಾಕ್ಸೈಡ್, ಆಲ್ಡಿಹೈಡ್, ಆಮ್ಲ ಹುಟ್ಟುತ್ತವೆ. ಬಫರ್ ಇಲ್ಲದ ಕಡೆ ಆ ಆಮ್ಲವೇ ಪಿಹೆಚ್ ತೀರ್ಮಾನಿಸುತ್ತದೆ. ನಮ್ಮ ಹರಳಿಗೆ ಬೇಕಿದ್ದದ್ದು ಅದೇ. ಹೊಸ ಪೆಗ್ಗಿಗೆ ಪಿಹೆಚ್ 4.6ರ ಸೋಡಿಯಂ ಅಸಿಟೇಟ್ ಬಫರ್ ಸೇರಿಸಿದೆವು. ಹರಳು ಮರಳಿ ಬಂತು.

ಹಾಗಂತ ಹಳೆಯದೆಲ್ಲ ಒಳ್ಳೆಯದು ಅನ್ನುತ್ತಿಲ್ಲ. ಮುಂದಿನ ವರ್ಷ ಇನ್ನೊಂದು ಪ್ರೋಟೀನ್ ಬಂತು, ಅದರ ಮೈಮೇಲೆ ತೆರೆದ ಸಿಸ್ಟೀನ್‌ಗಳಿದ್ದವು, ಅಂದರೆ ಪೆರಾಕ್ಸೈಡ್ ತಾಗಿದರೆ ಸುಲಭವಾಗಿ ಆಕ್ಸಿಡೈಸ್ ಆಗುವ ಅಮೈನೋ ಆಮ್ಲಗಳು. ಹಳೇ ಪೆಗ್ಗಿನಲ್ಲಿ ಅದು ಬರೀ ಕಂದು ಗಸಿಯಾಗಿ ಕೂತಿತು. ಪೆರಾಕ್ಸೈಡ್ ಪಟ್ಟಿ ಅದ್ದಿದರೆ ನೀಲಿ ಬಣ್ಣ ಬಂತು. ಆ ಆಕ್ಸಿಡೀಕರಣ ತಡೆಯುವ ಡಿಟಿಟಿ ಹಾಕಿದ್ದೇವಲ್ಲ ಅಂತ ಧೈರ್ಯವಾಗಿದ್ದೆವು. ಆದರೆ ಪಿಹೆಚ್ 8.5ರಲ್ಲಿ, 20 ಡಿಗ್ರಿಯಲ್ಲಿ, ಡಿಟಿಟಿಯ ಅರ್ಧಾಯುಷ್ಯ ಒಂದೂವರೆ ಗಂಟೆಯಷ್ಟೂ ಇಲ್ಲ. ಹನಿ ಇಡುವುದು ವಾರಗಟ್ಟಲೆ ಅಲ್ವಾ? ಆ ಪ್ರೋಟೀನಿಗೆ ಪೆಗ್ಗಿನ ಹೊಸ ಬಾಟಲಿ ತೆರೆದು, ಡಿಟಿಟಿ ಬದಲು ಅದೇ ಕೆಲಸವನ್ನು ಹೆಚ್ಚು ಕಾಲ ಮಾಡುವ ಟಿಸೆಪ್ ಹಾಕಿದೆವು.

ಉಪ್ಪುಗಳ ಕಥೆಯೇ ಬೇರೆ. ಅಮೋನಿಯಂ ಸಲ್ಫೇಟ್ ಒಣಗಿದ್ದರೆ, ಡೇಟ್ ಮುಗಿದಿದ್ದರೂ ನಾನು ಬಳಸುತ್ತೇನೆ. ಮೆಗ್ನೀಸಿಯಂ ಕ್ಲೋರೈಡ್ ಹಾಗಲ್ಲ. ಮುಚ್ಚಳ ಸಡಿಲವಿದ್ದರೆ ಮಳೆಗಾಲದ ಬೆಲ್ಲದ ಹಾಗೆ ನೀರು ಬಿಡುತ್ತದೆ. ಅದನ್ನು ತೂಕ ಮಾಡಿದರೆ ಉಪ್ಪಿನ ಜೊತೆ ನೀರೂ ತೂಕಕ್ಕೆ ಬರುತ್ತದೆ. ಡೇಟ್ ಇನ್ನೂ ಎರಡು ವರ್ಷ ಇದ್ದರೂ ಅದನ್ನು ಮುಟ್ಟುವುದಿಲ್ಲ.

ಈಗ ಪ್ರತಿ ಬಾಟಲಿ ಮೇಲೆ ತೆರೆದ ದಿನ ಬರೆಯುತ್ತೇವೆ. ಸ್ಟಾಕ್ ಮೇಲೆ ಬ್ಯಾಚ್ ನಂಬರ್, ಮಾಡಿದ ದಿನ, ಮಾಡಿದವರ ಹೆಸರು. ಬರಹದ ಮೇಲೆ ಸೆಲ್ಲೋ ಟೇಪ್. ಪೆಗ್ ಸ್ಟಾಕನ್ನು ಸಣ್ಣ ಟ್ಯೂಬುಗಳಿಗೆ ಹಂಚಿ, ಫಾಯಿಲ್ ಸುತ್ತಿ ಮೈನಸ್ 20ರಲ್ಲಿ ಇಡುತ್ತೇವೆ. ಹರಳು ಬಂದ ದಿನವೇ ಆ ಬಾವಿಯ ದ್ರಾವಣದ ಪಿಹೆಚ್ ನೋಡಿ ನೋಟ್‌ಬುಕ್ಕಿಗೆ ಏರಿಸುತ್ತೇವೆ. ಯಾವ ಬಾಟಲಿಯನ್ನಾದರೂ ಎಸೆಯುವ ಮೊದಲು ಅದರಿಂದ ಯಾರ ಹರಳು ಬೆಳೆಯುತ್ತಿದೆ ಅಂತ ಲ್ಯಾಬ್ ಗ್ರೂಪಿನಲ್ಲಿ ಕೇಳುತ್ತೇವೆ.

ಆ ಹಳೇ ಟ್ಯೂಬಿನಲ್ಲಿ ಸುಮಾರು ಮೂರು ಮಿಲಿ ಉಳಿದಿದೆ. ಆ ಹುಡುಗಿ ಪಿಎಚ್‌ಡಿ ಮುಗಿಸಿ ಹೋಗುವಾಗ ಅದರ ಲೇಬಲ್ ಹೊಸದಾಗಿ ಬರೆದು ನನ್ನ ಕೈಗೆ ಕೊಟ್ಟಳು. ಫ್ರೀಜರಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ.