ಸೈಕಲ್ ಟ್ಯೂಬಿನ ಹೃದಯ: ಮೂರು ತಿಂಗಳ ಕೆಲಸದ ದಾಖಲೆ

ಮೇ 18

ಮಾರ್ಚಿನಲ್ಲಿ ಬಂದ ಆಯಿಯ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಇಎಫ್ 35 ಪ್ರತಿಶತ ಎಂದಿತ್ತು. ತುಂಬಿಕೊಂಡ ಎಡ ಹೃತ್ಕುಕ್ಷಿಯು (ಹೃದಯದ ಕೆಳಭಾಗದಲ್ಲಿ ರಕ್ತವನ್ನು ಹಿಂಡಿ ದೂಡುವ ಕೋಣೆ) ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲಿ 55ರಿಂದ 70ರವರೆಗೆ ಇರುತ್ತದೆ. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದು ಎಂದೇ ಮನೆಯವರೆಲ್ಲ ತಿಳಿದು ಗಾಬರಿಯಾಗಿದ್ದರು. ನಿಲ್ಲುವುದು ಹೃದಯ ಸ್ತಂಭನ, ಹೃದಯದ ಸ್ನಾಯುವಿಗೇ ರಕ್ತ ಸಿಗದಿರುವುದು ಹೃದಯಾಘಾತ, ಇದು ಅವೆರಡೂ ಅಲ್ಲ, ಪಂಪು ಬಡಿಯುತ್ತಲೇ ಇದ್ದು ಬೇಕಾದಷ್ಟು ಸಾಗಿಸಲಾರದ ಸ್ಥಿತಿ ಎಂದು ಹುಬ್ಬಳ್ಳಿಯ ವೈದ್ಯರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆದರೂ ನನಗೊಂದು ಸಂಗತಿ ಬಗೆಹರಿಯಲಿಲ್ಲ. ಸೋತಿರುವುದು ಎದೆಯೊಳಗಿನ ಪಂಪಾದರೆ ಪಾದ ಏಕೆ ಊದಬೇಕು, ಮಲಗಿದಾಗಲೇ ಏಕೆ ಉಸಿರು ಕಟ್ಟಬೇಕು? ತೋಟದ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸಿ ಅಭ್ಯಾಸವಿರುವ ನನಗೆ ಇದನ್ನು ಕಟ್ಟಿ ನೋಡದೆ ಸಮಾಧಾನವಾಗುವುದಿಲ್ಲ ಎನಿಸಿತು.

ಮೇ 26

ತದಡಿಯ ಬಂದರಿನಲ್ಲಿ ಪರಿಚಯದವರೊಬ್ಬರಿಂದ ದೋಣಿ ಎಂಜಿನ್ನಿನ ಇಂಧನ ಪೈಪಿನ ನಡುವೆ ಇರುವ ರಬ್ಬರ್ ಉಂಡೆಗಳು ಎರಡು ಸಿಕ್ಕವು. ಎಂಜಿನ್ ಚಾಲೂ ಮಾಡುವ ಮುನ್ನ ಕೈಯಲ್ಲಿ ಹಿಚುಕಿ ಎಣ್ಣೆ ಏರಿಸುವ ಈ ಉಂಡೆಯ ಎರಡು ತುದಿಗಳಲ್ಲೂ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ. ಹೃತ್ಕುಕ್ಷಿಯ ರಚನೆಯೂ ಇದೇ: ಒಳಬರುವ ಬಾಯಿಗೊಂದು ಕವಾಟ, ಹೊರಹೋಗುವ ಬಾಯಿಗೊಂದು ಕವಾಟ, ನಡುವೆ ಹಿಂಡುವ ಗೋಡೆ. ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳುವ ಲಬ್–ಡಬ್ ಸದ್ದು ಈ ಕವಾಟಗಳು ಮುಚ್ಚಿಕೊಳ್ಳುವಾಗ ಹುಟ್ಟುವಂಥದು.

ಎತ್ತರದ ಲೆಕ್ಕ ನನಗೆ ಬಹಳ ಹಿಡಿಸಿತು. ಎಡ ಹೃತ್ಕುಕ್ಷಿಯಿಂದ ದೇಹಕ್ಕೆ ಹೋಗುವ ರಕ್ತದ ಸರಾಸರಿ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸ; ನೀರಿನಲ್ಲಿ ಹೇಳುವುದಾದರೆ 136 ಸೆಂಟಿಮೀಟರ್, ಅಂದರೆ ನಾಲ್ಕೂವರೆ ಅಡಿ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ರಕ್ತದ್ದು 15ರ ಆಸುಪಾಸು, ಅದು 20 ಸೆಂಟಿಮೀಟರ್ ನೀರು, ಹೆಚ್ಚುಕಡಿಮೆ ಒಂದು ಗೇಣು. ಹೀಗಾಗಿ ದೇಹದ ತೊಟ್ಟಿಯನ್ನು ಕೊಟ್ಟಿಗೆಯ ಗೋಡೆಗೆ ನಾಲ್ಕೂವರೆ ಅಡಿ ಎತ್ತರದಲ್ಲಿ ಕೂರಿಸಿದೆ. ಶ್ವಾಸಕೋಶದ ಪಾಲಿಗೆ ಎರಡು ಲೀಟರಿನ ಪಾರದರ್ಶಕ ಭರಣಿಯನ್ನು ಒಂದು ಗೇಣು ಎತ್ತರದ ಮಣೆಯ ಮೇಲಿಟ್ಟೆ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಮೂರು ಪಟ್ಟು ದಪ್ಪವೇಕೆ ಎಂಬುದು ಆ ಎರಡು ಪಾತ್ರೆಗಳನ್ನು ಒಮ್ಮೆ ನೋಡಿದರೆ ತಿಳಿಯುತ್ತದೆ. ದೇಹದಿಂದ ಮರಳುವ ರಕ್ತ ಬಂದು ಸೇರುವ ಮೇಲಿನ ಕೋಣೆಯಾದ ಬಲ ಹೃತ್ಕರ್ಣಕ್ಕೆ ನೆಲದ ಮೇಲೊಂದು ಬೋಗುಣಿ. ಎಡ ಹೃತ್ಕರ್ಣವನ್ನು ಬೇರೆ ಮಾಡಲಿಲ್ಲ, ಭರಣಿಯೇ ಆ ಕೆಲಸವನ್ನೂ ಮಾಡುತ್ತದೆ. ಬಲದ ಉಂಡೆ ಬೋಗುಣಿಯಿಂದ ಭರಣಿಗೆ, ಎಡದ್ದು ಭರಣಿಯಿಂದ ತೊಟ್ಟಿಗೆ ದೂಡುತ್ತದೆ; ತೊಟ್ಟಿಯ ನೀರು ಮತ್ತೆ ಬೋಗುಣಿಗೆ ಇಳಿಯುತ್ತದೆ. ರಕ್ತದ ಬದಲಿಗೆ ಮುರುಗಲ ಸಿಪ್ಪೆ ನೆನೆಸಿದ ನೀರು. ಅದರ ಕಲೆ ನೆಲದಿಂದ ಇನ್ನೂ ಹೋಗಿಲ್ಲ.

ಜೂನ್ 9

ಎರಡೂ ಉಂಡೆಗಳನ್ನು ಒಂದೇ ಹಲಗೆಯಿಂದ ಒಟ್ಟಿಗೆ ಒತ್ತಿದೆ. ನಿಜವಾದ ಹೃದಯದಲ್ಲೂ ಎರಡು ಹೃತ್ಕುಕ್ಷಿಗಳು ಒಟ್ಟಿಗೇ ಹಿಂಡುತ್ತವೆ. ನಿಮಿಷಕ್ಕೆ 60 ಒತ್ತು. ಮೂರು ನಿಮಿಷದೊಳಗೆ ಭರಣಿ ತುಂಬಿ ಉಕ್ಕಿತು. ಎಲ್ಲೋ ತಪ್ಪು ಜೋಡಣೆಯಾಗಿದೆ ಎಂದು ಎರಡು ದಿನ ಪೈಪು ಬಿಚ್ಚುವುದರಲ್ಲೇ ಕಳೆದೆ. ಕೊನೆಗೆ ಅಳತೆಯ ಲೋಟ ಹಿಡಿದು ನೋಡಿದರೆ ಬಲದ ಉಂಡೆ ಒಂದು ಒತ್ತಿಗೆ 48 ಮಿಲಿಲೀಟರ್ ದೂಡುತ್ತಿತ್ತು, ಎತ್ತರಕ್ಕೆ ಏರಿಸಬೇಕಾದ ಎಡದ್ದು 41. ಜೋಡಣೆ ಸರಿಯಾಗಿಯೇ ಇತ್ತು, ಒತ್ತಿಗೆ ಏಳು ಮಿಲಿಲೀಟರಿನ ಅಂತರವಷ್ಟೇ ಭರಣಿಯನ್ನು ಉಕ್ಕಿಸಿತ್ತು.

ಆ ರಾತ್ರಿ ಕರೆಂಟು ಹೋಗಿದ್ದಾಗ ನಿಜವಾದ ಹೃದಯದ ಲೆಕ್ಕ ಹಾಕುತ್ತ ಕುಳಿತೆ. ವಿಶ್ರಾಂತಿಯಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ, ಅಂದರೆ ಐದು ಲೀಟರ್. ಎಡವು ಬಲಕ್ಕಿಂತ ಬಡಿತಕ್ಕೆ ಒಂದೇ ಒಂದು ಮಿಲಿಲೀಟರ್ ಕಡಿಮೆ ದೂಡಿದರೂ ಒಂದು ಗಂಟೆಯಲ್ಲಿ ನಾಲ್ಕು ಲೀಟರಿಗೂ ಹೆಚ್ಚು ರಕ್ತ ಶ್ವಾಸಕೋಶದಲ್ಲಿ ನಿಲ್ಲಬೇಕಾಗುತ್ತದೆ. ಇಡೀ ದೇಹದಲ್ಲಿರುವ ರಕ್ತವೇ ಐದು ಲೀಟರಿನಷ್ಟು! ಹೃದಯ ಅರ್ಧ ಗಂಟೆಯಲ್ಲಿ ದೂಡುವ ರಕ್ತವು ದೇಹದಲ್ಲಿರುವುದಕ್ಕಿಂತ ಹೆಚ್ಚಾಗುತ್ತದೆ, ಆದ್ದರಿಂದ ಅದೇ ರಕ್ತ ಸುತ್ತಿ ಬರುತ್ತಿರಲೇಬೇಕು ಎಂದು ವಿಲಿಯಂ ಹಾರ್ವೆ 1628ರಲ್ಲಿ ವಾದಿಸಿದ್ದೂ ಇಂಥದೇ ಸರಳ ಗುಣಾಕಾರದಿಂದ. ಹಾಗಾದರೆ ಎಡಬಲಗಳನ್ನು ಇಷ್ಟು ಕರಾರುವಾಕ್ಕಾಗಿ ಸರಿತೂಗಿಸುವುದು ಯಾವುದು?

ಜೂನ್ 30

ಉತ್ತರ ಸ್ನಾಯುವಿನಲ್ಲೇ ಇದೆ. ಜರ್ಮನಿಯ ಒಟ್ಟೊ ಫ್ರಾಂಕ್, ಆಮೇಲೆ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ತೋರಿಸಿಕೊಟ್ಟಂತೆ, ಹೃದಯದ ಸ್ನಾಯು ಹೆಚ್ಚು ತುಂಬಿ ಹಿಗ್ಗಿದಷ್ಟೂ ಹೆಚ್ಚು ಬಲದಿಂದ ಹಿಂಡುತ್ತದೆ, ಒಂದು ಮಿತಿಯವರೆಗೆ. ಬಂದದ್ದನ್ನು ಕಳಿಸುವುದು ಅದರ ಸ್ವಭಾವ. ನನ್ನ ರಬ್ಬರ್ ಉಂಡೆಗೆ ಆ ಗುಣವಿಲ್ಲ. ಒತ್ತು ಬಿಟ್ಟೊಡನೆ ತಾನಾಗಿ ಅರಳಿ, ಹಿಂದೆ ಎಷ್ಟೇ ನೀರಿರಲಿ, ತನ್ನ ಪಾಲಿನಷ್ಟನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಉಂಡೆಗಳನ್ನು ತೆಗೆದು, ಅವುಗಳ ಕವಾಟಗಳನ್ನು ಮಾತ್ರ ಉಳಿಸಿಕೊಂಡು, ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಕಟ್ಟಿದೆ. ಖಾಲಿಯಿದ್ದಾಗ ಟ್ಯೂಬು ಚಪ್ಪಟೆಯಾಗಿ ಬಿದ್ದಿರುತ್ತದೆ, ಹಿಂದಿನ ಪಾತ್ರೆಯ ನೀರು ಏರಿದಷ್ಟೂ ದುಂಡಗಾಗುತ್ತದೆ, ದುಂಡಗಾದಷ್ಟೂ ಹೆಚ್ಚು ದೂಡುತ್ತದೆ. ಸ್ನಾಯುವಿನ ಬಲ ಇದಕ್ಕಿಲ್ಲ, ಆದರೆ ಸರಿತೂಗುವ ಗುಣ ಬಂತು. ಹತ್ತು ನಿಮಿಷ ಒತ್ತಿದರೂ ಭರಣಿಯ ನೀರು ಏಳು ಸೆಂಟಿಮೀಟರಿನ ಗುರುತಿನಲ್ಲೇ ಅಲುಗಾಡುತ್ತ ನಿಂತಿತು, ದೇಹದ ತೊಟ್ಟಿಯಿಂದ ನಿಮಿಷಕ್ಕೆ 2.6 ಲೀಟರ್ ಇಳಿಯಿತು. ಹತ್ತು ನಿಮಿಷಕ್ಕೇ ನನ್ನ ರಟ್ಟೆ ಸೋತಿತು. ದಿನಕ್ಕೆ ಒಂದು ಲಕ್ಷ ಬಡಿತದ ಮಾತು ಬೇರೆಯೇ.

ಜುಲೈ 14

ಅಡಿಕೆಗೆ ಮದ್ದು ಹೊಡೆಯುವ ಪಂಪಿನಲ್ಲಿ ಗಾಳಿ ತುಂಬಿದ ಕೋಣೆಯೊಂದು ಇರುವುದರಿಂದಲೇ ತುದಿಯಲ್ಲಿ ಮದ್ದು ತಡೆಯಿಲ್ಲದೆ ಚಿಮ್ಮುತ್ತದೆ. ಅದರಂತೆ ಎಡದ ಹೊರದಾರಿಗೆ ಬಾಟಲಿಯೊಂದನ್ನು ಕವುಚಿ ಜೋಡಿಸಿದೆ. ದೇಹದಲ್ಲಿ ಬಿಟ್ಟುಬಿಟ್ಟು ಬರುವ ಹರಿವನ್ನು ಹೀಗೆ ಸಮಗೊಳಿಸುವ ಕೆಲಸ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಹಿಗ್ಗುವ ಗೋಡೆಯದು.

ಜುಲೈ 27

ಇಷ್ಟು ದಿನ ಕಾದದ್ದು ಇವತ್ತಿನ ಪರೀಕ್ಷೆಗೆ. ಎಡದ ಟ್ಯೂಬಿನ ಕೆಳಗೆ ಅಡಿಕೆ ದಬ್ಬೆಯ ತುಂಡೊಂದನ್ನು ಆನಿಸಿ, ಹಲಗೆ ಅದನ್ನು ಅರ್ಧದಷ್ಟೇ ಅದುಮುವಂತೆ ಮಾಡಿದೆ. ನನ್ನ ಕಣ್ಣು ಮೇಲಿನ ತೊಟ್ಟಿಯ ಮೇಲಿತ್ತು, ಏಕೆಂದರೆ ಪಂಪು ಸೋತರೆ ಮುಂದೆ ನೀರು ಕಡಿಮೆಯಾಗಬೇಕೆಂಬುದು ತೋಟದ ಅನುಭವ. ಅಕ್ಕನ ಮಗ "ಮಾವಾ, ಭರಣಿ ನೋಡು" ಎಂದ. ಏಳರ ಗುರುತಿನಲ್ಲಿದ್ದ ನೀರು ಒತ್ತಿನಿಂದ ಒತ್ತಿಗೆ ಕೂದಲೆಳೆಯಷ್ಟು ಏರುತ್ತ, ಒಂಬತ್ತು, ಹನ್ನೊಂದು ದಾಟಿ ಹದಿಮೂರರಲ್ಲಿ ನಿಂತಿತು. ಆ ಎತ್ತರದಿಂದ ತುಂಬಿಕೊಂಡ ಟ್ಯೂಬು ಮೊದಲಿಗಿಂತ ಉಬ್ಬಿ, ಅರ್ಧ ಒತ್ತಿನಲ್ಲೇ ಸಾಕಷ್ಟು ದೂಡುತ್ತಿತ್ತು. ಹರಿವು 2.6ರಿಂದ 2.1ಕ್ಕೆ ಮಾತ್ರ ಇಳಿದಿತ್ತು. ಪಂಪಿನ ಸೋಲು ಮುಂದಕ್ಕಿಂತ ಹಿಂದೆಯೇ ಹೆಚ್ಚು ಕಾಣುತ್ತದೆಂಬುದು ನನಗೆ ಹೊಳೆದದ್ದು ಆಗ. ಎಡ ಸೋತರೆ ಅದರ ಹಿಂದಿರುವ ಶ್ವಾಸಕೋಶದಲ್ಲಿ ಒತ್ತಡವೇರಿ ಗಾಳಿಗೂಡುಗಳಿಗೆ ನೀರು ಒಸರುತ್ತದೆ. ಆ ಒತ್ತಡವನ್ನು ಹೊತ್ತು ಹೊತ್ತು ಬಲವೂ ಸೋತರೆ ಅದರ ಹಿಂದಿನ ಕಾಲು, ಹೊಟ್ಟೆ, ಯಕೃತ್ತುಗಳು ಊದುತ್ತವೆ. ಮಲಗಿದಾಗ ಕಾಲಿನಲ್ಲಿ ತಂಗಿದ್ದ ರಕ್ತವೂ ಎದೆಗೆ ಮರಳುವುದರಿಂದ ಆಯಿಗೆ ಮೂರು ದಿಂಬು ಬೇಕು.

ಇನ್ನೂ ಒಂದು ಪಾತ್ರ ಬಾಕಿಯಿತ್ತು. ರಕ್ತದ ಹರಿವು ಕುಗ್ಗಿದ್ದನ್ನು ಕಂಡ ಮೂತ್ರಪಿಂಡಗಳು ದೇಹದಲ್ಲಿ ನೀರೇ ಕಡಿಮೆಯಾಗಿದೆ ಎಂದು ಭ್ರಮಿಸಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆ ಪಾತ್ರವನ್ನು ಹುಡುಗನಿಗೆ ವಹಿಸಿ, ಬೋಗುಣಿಗೆ ಅರ್ಧ ಲೀಟರ್ ಸುರಿಯಲು ಹೇಳಿದೆ. ಹರಿವು 2.2ಕ್ಕೆ ಏರಿದ್ದೇನೋ ನಿಜ, ಆದರೆ ಭರಣಿ ಉಕ್ಕಿ ಮಣೆಯೆಲ್ಲ ಕೆಂಪಾಯಿತು. ಬೋಗುಣಿಯ ನಲ್ಲಿ ತಿರುಗಿಸಿ ಅಷ್ಟನ್ನೂ ಹೊರಬಿಟ್ಟಾಗ ಭರಣಿ ಇಳಿಯಿತು, ಹರಿವಿನಲ್ಲಿ ಹೆಚ್ಚು ನಷ್ಟವಾಗಲಿಲ್ಲ. ಆಯಿ ಬೆಳಿಗ್ಗೆ ನುಂಗುವ, ಮೂತ್ರ ಹೆಚ್ಚಿಸುವ ಮಾತ್ರೆ ಮಾಡುವುದು ಇದನ್ನೇ. ಉಪ್ಪಿನಲ್ಲಿ ಹಾಕಿದ ಅಪ್ಪೆಮಿಡಿಯನ್ನು ವೈದ್ಯರು ಬಿಡಿಸಿದ್ದೂ ಇದಕ್ಕೇ. ಹೃದಯವೈಫಲ್ಯಕ್ಕೆ ಕೊಡುವ ಬೇರೆ ಕೆಲವು ಮಾತ್ರೆಗಳು ಮೂತ್ರಪಿಂಡಗಳ ಆ ತಪ್ಪು ಕರೆಯನ್ನೇ ತಡೆಯುವಂಥವು, ಅವನ್ನು ತೋರಿಸುವ ಉಪಾಯ ನನ್ನ ಮಾದರಿಯಲ್ಲಿಲ್ಲ.

ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದ ಆಯಿ, "ಇದ್ರಲ್ಲಿ ಯನ್ನ ಎದೆ ಯಾವ್ದಾ ತಮಾ?" ಎಂದು ಕೇಳಿದಳು. ದಬ್ಬೆಯ ತುಂಡು ಆನಿಸಿದ ಟ್ಯೂಬನ್ನು ತೋರಿಸಿದೆ. ಆ ದಬ್ಬೆ ತೆಗೆದುಬಿಡು ಎಂದಳು. ಮಾದರಿಯಲ್ಲಾದರೆ ತೆಗೆಯಬಹುದಿತ್ತು, ತೆಗೆದೆ.

ಆಗಸ್ಟ್ 10

ಮುಂದಿನ ಕೆಲಸ ಎಡದ ಒಳಬಾಯಿಯ ಕವಾಟದ ಅಂಚನ್ನು ಸ್ವಲ್ಪ ಕತ್ತರಿಸಿ, ನೀರು ಹಿಂದಕ್ಕೆ ಸೋರಿದರೆ ಭರಣಿ ಎಷ್ಟು ಏರುತ್ತದೆಂದು ಅಳೆಯುವುದು. ಬದಲಿ ಕವಾಟ ತದಡಿಯಿಂದ ಬರಬೇಕು, ಬರುವವರೆಗೆ ಕತ್ತರಿ ಹಾಕುವುದಿಲ್ಲ. ಭರಣಿಯ ಗುರುತುಗಳನ್ನು ಬರೆದಿಡುವ ನೋಟುಪುಸ್ತಕದ ಎಡಪುಟದಲ್ಲೇ ಈಗ ಆಯಿಯ ಬೆಳಗಿನ ತೂಕವನ್ನೂ ಬರೆಯುತ್ತಿದ್ದೇನೆ. ಎರಡು–ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ತಡಮಾಡದೆ ಫೋನು ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಇಂದು 51.4 ಕಿಲೋ, ನಿನ್ನೆ 51.6.