ರೋಲಿಂಗ್ ಸ್ಟೋನ್ಸ್ ಕೇಳಲು ಲಂಡನ್ನಿಗೆ

2022ರ ಜೂನ್ 25, ಶನಿವಾರ. ಅವತ್ತು ಬ್ರಿಟನ್ನಿನಲ್ಲಿ ರೈಲು ಮುಷ್ಕರ. ಆ ವಾರ 21, 23 ಮತ್ತು 25, ಮೂರು ದಿನ ರೈಲು ನೌಕರರು ಕೆಲಸ ನಿಲ್ಲಿಸಿದ್ದರು. ಅದೇ ಸಂಜೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಅವರ ಸಂಗೀತ ಕಛೇರಿ ಇತ್ತು. ನಾವು ಉಳಿದಿದ್ದು ಹ್ಯಾರೋದಲ್ಲಿ, ಗೆಳೆಯನ ಮನೆಯಲ್ಲಿ. ಪುಣ್ಯಕ್ಕೆ ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೋ, ಓಡುತ್ತಿತ್ತು. ಬೇಕರ್ ಸ್ಟ್ರೀಟ್‌ನಲ್ಲಿ ಇಳಿದು ಮಾರ್ಬಲ್ ಆರ್ಚ್ ಕಡೆಗೆ ನಡೆದುಕೊಂಡೇ ಹೋದೆವು. ದಾರಿ ತುಂಬಾ ತಂಡದ ಗುರುತಾದ ಕೆಂಪು ನಾಲಿಗೆಯ ಟೀ ಶರ್ಟುಗಳು. ವಿಳಾಸ ಕೇಳುವ ಅಗತ್ಯವೇ ಬೀಳಲಿಲ್ಲ.

ಕ್ಯೂನಲ್ಲಿ ನಮ್ಮ ಮುಂದಿದ್ದ ದಂಪತಿ ಲೀಡ್ಸ್‌ನಿಂದ ಬಂದಿದ್ದರು. ರೈಲು ಇಲ್ಲ ಅಂತ ಹಿಂದಿನ ರಾತ್ರಿಯೇ ಬಸ್ಸು ಹಿಡಿದಿದ್ದರಂತೆ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಜೊತೆಗೆ ಮೊಮ್ಮಗಳು ಇದ್ದಳು. ಅವಳಿಗೆ ಹದಿನಾರೋ ಹದಿನೇಳೋ ಇರಬೇಕು. ಅಜ್ಜ ಅಜ್ಜಿಗಿಂತ ಜಾಸ್ತಿ ಹಾಡುಗಳು ಅವಳಿಗೇ ಬಾಯಿಪಾಠ ಆಗಿದ್ದವು.

ಈ ಪಾರ್ಕಿಗೂ ಈ ತಂಡಕ್ಕೂ ಹಳೇ ನಂಟು. 1969ರ ಜುಲೈ 5ರಂದು ಅವರು ಇಲ್ಲಿ ಉಚಿತವಾಗಿ ನುಡಿಸಿದ್ದರು. ಅದಕ್ಕೆ ಎರಡು ದಿನ ಮೊದಲಷ್ಟೇ ಬ್ರಯಾನ್ ಜೋನ್ಸ್ ತಮ್ಮ ಮನೆಯ ಈಜುಕೊಳದಲ್ಲಿ ತೀರಿಕೊಂಡಿದ್ದರು. ವಯಸ್ಸು 27. ತಂಡ ಕಟ್ಟಿದವರೇ ಅವರು. ಗಾಯಕ ಮಿಕ್ ಜಾಗರ್ ಬಿಳಿ ಅಂಗಿ ತೊಟ್ಟು ವೇದಿಕೆಗೆ ಬಂದು, ಅಗಲಿದ ಗೆಳೆಯನಿಗಾಗಿ ಕವಿ ಶೆಲ್ಲಿಯ ಸಾಲುಗಳನ್ನು ಓದಿದರು. ಆಮೇಲೆ ಚಿಟ್ಟೆಗಳನ್ನು ಹಾರಿಬಿಟ್ಟರು. ಲಕ್ಷಗಟ್ಟಲೆ ಜನ ಸೇರಿದ್ದರು. ಆಗ ಮಿಕ್ ಅವರಿಗೆ ಇನ್ನೂ 26 ತುಂಬಿರಲಿಲ್ಲ. ಈಗ ನಾವು ನೋಡಲು ಹೊರಟಿದ್ದ ಮಿಕ್ ಅವರಿಗೆ 78. ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್ ಅವರಿಗೂ 78. ಇನ್ನೊಬ್ಬ ಗಿಟಾರ್ ವಾದಕ ರಾನಿ ವುಡ್ ಅವರಿಗೆ ಆ ತಿಂಗಳ ಮೊದಲ ದಿನವೇ 75 ತುಂಬಿತ್ತು. ಪ್ರವಾಸದ ಹೆಸರೇ 'ಸಿಕ್ಸ್ಟಿ'. 1962ರ ಜುಲೈ 12ರಂದು ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಕಿ ಕ್ಲಬ್ಬಿನಲ್ಲಿ ಅವರ ಮೊದಲ ಕಾರ್ಯಕ್ರಮ ನಡೆದಿತ್ತು. ಅಲ್ಲಿಗೆ ಅರವತ್ತು ವರ್ಷ.

ಕಛೇರಿ ನಡೆಯುತ್ತೋ ಇಲ್ಲವೋ ಅಂತ ನಮಗೆ ಕೊನೇವರೆಗೂ ಆತಂಕ ಇತ್ತು. ಜೂನ್ 13ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಜನ ಆಗಲೇ ಸ್ಟೇಡಿಯಂ ಒಳಗೆ ಸೇರಿದ್ದರು. ಮಿಕ್ ಅವರಿಗೆ ಕೋವಿಡ್ ಅಂತ ಆಗ ಗೊತ್ತಾಗಿ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಬರ್ನ್ ನಗರದ ಕಾರ್ಯಕ್ರಮ ರದ್ದೇ ಆಯಿತು. 21ರಂದು ಮಿಲಾನಿನಲ್ಲಿ ಮತ್ತೆ ಹಾಡಿದರು ಅಂತ ಸುದ್ದಿ ಓದಿದ ಮೇಲೆಯೇ ನಾನು ನಿರಾಳವಾಗಿದ್ದು. ಅದಾಗಿ ನಾಲ್ಕೇ ದಿನಕ್ಕೆ ಲಂಡನ್.

ನಾನೂ ನನ್ನ ಗೆಳೆಯನೂ ಇವರನ್ನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ. 2003ರ ಏಪ್ರಿಲ್ 4, ಅರಮನೆ ಮೈದಾನ. ಭಾರತದಲ್ಲಿ ಅದೇ ಅವರ ಮೊದಲ ಕಾರ್ಯಕ್ರಮ. ಮುಂಬೈಗೆ ಹೋಗಿದ್ದು ಆಮೇಲೆ. ಮಳೆ ಬಿದ್ದು ನೆಲ ಎಲ್ಲ ಕೆಸರಾಗಿತ್ತು. ಯಾರೂ ಕದಲಲಿಲ್ಲ. ಬ್ರಿಗೇಡ್ ರೋಡಿನ ಪಬ್ಬುಗಳಲ್ಲಿ, ಹಾಸ್ಟೆಲಿನ ಕ್ಯಾಸೆಟ್ಟುಗಳಲ್ಲಿ ಕೇಳಿದ್ದವರು ಕಣ್ಣೆದುರಿಗೇ ನಿಂತಿದ್ದರು. ಅವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು: 'ಮಿಕ್ ಅವರಿಗೆ ಅರವತ್ತಾಗ್ತಾ ಬಂತು, ಈಗ ಬಿಟ್ಟರೆ ಇನ್ನು ಸಿಗಲ್ಲ.' ಆ ಮಾತು ಬಿದ್ದು ಹತ್ತೊಂಬತ್ತು ವರ್ಷವಾಗಿತ್ತು.

ಜೂನಿನಲ್ಲಿ ಲಂಡನ್ನಿಗೆ ಕತ್ತಲಾಗುವುದು ಬಹಳ ತಡ. ಸೂರ್ಯ ಮುಳುಗುವುದೇ ಒಂಬತ್ತೂಕಾಲಿನ ಮೇಲೆ. ಹಾಗಾಗಿ ಅವರು ವೇದಿಕೆಗೆ ಬಂದಾಗ ಇನ್ನೂ ಹಗಲೇ. ಮೊದಲು ಪರದೆಯ ಮೇಲೆ ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ಕಾಣಿಸಿದರು. ಹಳೆಯ ಫೋಟೋಗಳು, ಡ್ರಮ್ಸ್ ಹಿಂದೆ ಕೂತ ಅದೇ ಗಂಭೀರ ಮುಖ. 1963ರ ಜನವರಿಯಿಂದ ತಂಡದಲ್ಲಿದ್ದವರು 2021ರ ಆಗಸ್ಟ್ 24ರಂದು ತೀರಿಕೊಂಡಿದ್ದರು. ಜನ ಸುಮ್ಮನೆ ನಿಂತು ನೋಡಿದರು. ಆಮೇಲೆ ಒಮ್ಮೆಲೇ ಚಪ್ಪಾಳೆ ಎದ್ದಿತು.

ಚಾರ್ಲಿ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಮಾನ್ಯವಾಗಿ ರಾಕ್ ಡ್ರಮ್ಮರ್ ಬಲಗೈಯಲ್ಲಿ ಹೈ-ಹ್ಯಾಟ್ ಅನ್ನುವ ಜೋಡಿ ಲೋಹದ ತಟ್ಟೆ ಬಾರಿಸುತ್ತಲೇ ಇರುತ್ತಾನೆ. ಎಡಗೈ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಬೀಳುತ್ತದೆ. ಚಾರ್ಲಿ ಸ್ನೇರ್ ಬಾರಿಸುವಾಗ ಬಲಗೈ ಎತ್ತಿಬಿಡುತ್ತಿದ್ದರು. ಆ ಒಂದು ಏಟು ಒಂಟಿಯಾಗಿ, ಸ್ಪಷ್ಟವಾಗಿ ಬೀಳುತ್ತಿತ್ತು. ಆ ಚಿಕ್ಕ ಖಾಲಿ ಜಾಗದಲ್ಲೇ ಅವರ ಹಾಡುಗಳ ನಡಿಗೆ ಇತ್ತು. ಈಗ ಅಲ್ಲಿ ಕೂತಿದ್ದವರು ಸ್ಟೀವ್ ಜೋರ್ಡನ್. ಕೀತ್ ಜೊತೆ ಎಂಬತ್ತರ ದಶಕದಿಂದ ನುಡಿಸಿದವರು. ತಾವು ಪ್ರವಾಸಕ್ಕೆ ಹೋಗಲು ಆಗುವುದಿಲ್ಲ ಅಂತಾದಾಗ ಚಾರ್ಲಿಯೇ ಇವರ ಹೆಸರು ಒಪ್ಪಿದ್ದರು. ಜೋರ್ಡನ್ ಏಟು ಹೆಚ್ಚು ಭಾರ, ಹೆಚ್ಚು ನೇರ. ನನಗೆ ಮೊದಲ ಹಾಡುಗಳಲ್ಲಿ ಚಾರ್ಲಿ ಇಲ್ಲದ್ದು ಕಿವಿಗೆ ತಾಗುತ್ತಲೇ ಇತ್ತು. ಹತ್ತು ಹಾಡು ಆಗುವಷ್ಟರಲ್ಲಿ ಜೋರ್ಡನ್ ನನ್ನನ್ನು ಗೆದ್ದರು. ಚಾರ್ಲಿಯನ್ನು ನಕಲು ಮಾಡಲು ಅವರು ಹೋಗಲಿಲ್ಲ. ಅದು ಅವರ ದೊಡ್ಡತನ.

ಮಿಕ್ ಓಡಿದರು. ಬೇರೆ ಪದ ಇಲ್ಲ. ಜನರ ಮಧ್ಯಕ್ಕೆ ಚಾಚಿದ ಉದ್ದ ರ‍್ಯಾಂಪಿನ ತುದಿವರೆಗೂ ಓಡಿ, ಅಲ್ಲಿ ಸೊಂಟ ಕುಣಿಸಿ, ಹಾಡುತ್ತಲೇ ಹಿಂದೆ ಬಂದರು. 2019ರಲ್ಲಿ ಅವರ ಹೃದಯದ ಕವಾಟ ಬದಲಿಸಿದ್ದಾರೆ. ಕೋವಿಡ್ ಬಂದು ಎರಡು ವಾರ ಕೂಡ ಆಗಿಲ್ಲ. ಅವರ ತಂದೆ ಜೋ ಜಾಗರ್ ವ್ಯಾಯಾಮದ ಮೇಷ್ಟ್ರು. ಚಿಕ್ಕಂದಿನ ಆ ಶಿಸ್ತು ಮಗನ ಮೈಯಲ್ಲಿ ಇನ್ನೂ ಇದೆ.

ಕೀತ್ ಅವರದ್ದು ಬೇರೆ ದಾರಿ. ನಿಂತಲ್ಲೇ ನಿಲ್ಲುತ್ತಾರೆ. ಬೆರಳ ಗಂಟುಗಳು ಊದಿಕೊಂಡಿರುವುದು ದೊಡ್ಡ ಪರದೆಯಲ್ಲಿ ಕಾಣುತ್ತದೆ. ಸಂಧಿವಾತ ತಮ್ಮ ನುಡಿಸಾಣಿಕೆಯನ್ನು ಬದಲಿಸಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆದರೆ ಅವರ ವಿದ್ಯೆ ವೇಗದ್ದಲ್ಲ. ಗಿಟಾರಿಗೆ ಆರು ತಂತಿ. ಹಲವು ಹಾಡುಗಳಿಗೆ ಕೀತ್ ದಪ್ಪನೆಯ ಆರನೇ ತಂತಿಯನ್ನು ಬಿಚ್ಚಿಯೇ ಹಾಕುತ್ತಾರೆ. ಉಳಿದ ಐದಕ್ಕೆ ಜಿ, ಡಿ, ಜಿ, ಬಿ, ಡಿ ಅಂತ ಶ್ರುತಿ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ. ಕೈ ಇಡದೆ ಮೀಟಿದರೂ ಷಡ್ಜ ಪಂಚಮ ತುಂಬಿ ಬರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅವರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಯಾಕೆ ಇಷ್ಟು ಹತ್ತಿರ ಅನ್ನಿಸುತ್ತೆ ಅನ್ನುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ. ಒಂದು ಏಟು ಹಾಕುತ್ತಾರೆ, ಬಿಡುತ್ತಾರೆ, ಕಾಯುತ್ತಾರೆ. ಆ ಕಾಯುವಿಕೆ ವಯಸ್ಸಿನ ಜೊತೆ ಇನ್ನೂ ಚೆನ್ನಾಗಿದೆ. ಮಧ್ಯದಲ್ಲಿ ಎರಡು ಹಾಡು ಅವರೇ ಹಾಡಿದರು. ದನಿ ಒರಟಾಗಿದೆ, ಆದರೆ ಶ್ರುತಿ ಬಿಡಲಿಲ್ಲ. ಮಿಕ್ ಅವರಿಗೆ ಸುಧಾರಿಸಿಕೊಳ್ಳಲು ಸಿಗುವುದೂ ಅಷ್ಟೇ ಹೊತ್ತು.

ನನಗೆ ಅತ್ಯಂತ ಖುಷಿ ಕೊಟ್ಟಿದ್ದು 'ಔಟ್ ಆಫ್ ಟೈಮ್'. 1966ರ ಹಾಡು. ಅದನ್ನು ಅವರು ವೇದಿಕೆಯ ಮೇಲೆ ಮೊದಲ ಸಲ ಹಾಡಿದ್ದು ಇದೇ ಪ್ರವಾಸದಲ್ಲಿ, ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ. ಐವತ್ತಾರು ವರ್ಷದ ಹಾಡು ಅವರಿಗೆ ಹೊಸದು! ಇಡೀ ಪಾರ್ಕು ಪಲ್ಲವಿ ಹಿಡಿದುಕೊಂಡಿತು. ಹಾಡು ಮುಗಿದರೂ ಜನ ನಿಲ್ಲಿಸಲಿಲ್ಲ. ಮಿಕ್ ಮೈಕ್ ಕೆಳಗಿಳಿಸಿ ನಗುತ್ತಾ ನಿಂತರು. ಕೊನೆಗೆ 'ಸ್ಯಾಟಿಸ್ಫ್ಯಾಕ್ಷನ್' ಮುಗಿಸಿ ಎಲ್ಲರೂ ಸಾಲಾಗಿ ನಿಂತು ಬಾಗಿದಾಗ ಗೆಳೆಯನ ಕಣ್ಣು ಒದ್ದೆಯಾಗಿತ್ತು. ನನ್ನದೂ ಕೂಡ.

ವಾಪಸ್ ನಡೆಯುವಾಗ ಗೆಳೆಯನ ಹೆಂಡತಿ ಕೇಳಿದಳು, 'ಇಷ್ಟು ದುಡ್ಡು ಇದೆ, ಈ ವಯಸ್ಸಿನಲ್ಲಿ ಇನ್ನೂ ಯಾಕೆ ಊರೂರು ತಿರುಗಬೇಕು?' ಬಹಳ ಜನ ಕೇಳುವ ಪ್ರಶ್ನೆ ಇದು. ದುಡ್ಡಿನ ವಿಷಯ ಸುಳ್ಳಲ್ಲ. 2005ರಿಂದ 2007ರವರೆಗಿನ ಅವರ ಪ್ರವಾಸ 55 ಕೋಟಿ ಡಾಲರ್ ದಾಟಿತ್ತು. ಆಗ ಅದೇ ದಾಖಲೆ. ಅರವತ್ತರ ದಶಕದ ಹಾಡುಗಳ ಹಕ್ಕು ಅವರ ಕೈಯಲ್ಲಿ ಇಲ್ಲ ಅನ್ನುವುದೂ ನಿಜ. ಅವು ಹಳೆಯ ಮ್ಯಾನೇಜರ್ ಆ್ಯಲನ್ ಕ್ಲೈನ್ ಅವರ ಕಂಪನಿ ಪಾಲಾದವು. ರೆಕಾರ್ಡಿನಿಂದ ಬರದಿದ್ದು ವೇದಿಕೆಯಿಂದ ಬಂದಿದೆ. ಆದರೆ ದುಡ್ಡಿಗಾಗಿ ಮಾತ್ರ ಯಾರೂ 78ರಲ್ಲಿ ಹಾಗೆ ಓಡಲಾರರು.

ನಾವು ಧಾರವಾಡ, ಹುಬ್ಬಳ್ಳಿ ಕಡೆಯ ಹಾಡುಗಾರರನ್ನು ನೋಡಿದವರು ಅಲ್ವಾ? ಗಂಗೂಬಾಯಿ ಹಾನಗಲ್ ತಮ್ಮ ಕೊನೆಯ ಕಛೇರಿ ಕೊಟ್ಟಿದ್ದು 2006ರಲ್ಲಿ, 93ನೇ ವಯಸ್ಸಿನಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಎಂಬತ್ತರ ಹಾಡನ್ನು ಕೇಳಲು ಜನ ಮುಗಿಬೀಳುತ್ತಿದ್ದರು. 'ಇನ್ನೂ ಯಾಕೆ ಹಾಡ್ತೀರಿ' ಅಂತ ಅವರನ್ನು ಯಾರೂ ಕೇಳಲಿಲ್ಲ. ರಾಕ್ ಅಂದರೆ ಹುಡುಗರ ಸಂಗೀತ, ಮುಪ್ಪಿನಲ್ಲಿ ಅದು ಒಪ್ಪುವುದಿಲ್ಲ ಅನ್ನುವ ಮಾತು ಇದೆ. ಆದರೆ ಸ್ಟೋನ್ಸ್ ಕಲಿತದ್ದು ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್. ಬ್ಲೂಸ್ ಹಾಡುಗಾರರಿಗೆ ನಿವೃತ್ತಿ ಅನ್ನುವುದು ಇರಲಿಲ್ಲ. ಬಿ.ಬಿ. ಕಿಂಗ್ 89ರಲ್ಲೂ ವೇದಿಕೆಯ ಮೇಲಿದ್ದರು. ಚಕ್ ಬೆರಿ ಎಂಬತ್ತು ದಾಟಿದ ಮೇಲೂ ಸೇಂಟ್ ಲೂಯಿಸ್‌ನಲ್ಲಿ ತಿಂಗಳಿಗೊಮ್ಮೆ ನುಡಿಸುತ್ತಿದ್ದರು. ಆ ಗುರುಗಳ ದಾರಿಯಲ್ಲೇ ಇವರು ನಡೆದಿದ್ದಾರೆ. ಇದು ಸಂಗೀತಗಾರರ ದಿನದ ಕೆಲಸ. ಬೆಳಗಿನ ಸಾಧನೆ, ಸಂಜೆಯ ಕಛೇರಿ, ಮಾರನೇ ದಿನ ಇನ್ನೊಂದು ಊರು. ಹ್ಯಾರೋ ಮುಟ್ಟುವವರೆಗೂ ಇದನ್ನೇ ವಾದ ಮಾಡಿದೆ. ಅವಳು ಒಪ್ಪಿದಳೋ, ನಿದ್ದೆ ಬಂದು ತಲೆಯಾಡಿಸಿದಳೋ ಗೊತ್ತಿಲ್ಲ.

ಸೋಮವಾರ ಡಾರ್ಟ್‌ಫರ್ಡ್‌ಗೆ ಹೊರಟೆವು. ಲಂಡನ್ನಿನ ಆಗ್ನೇಯಕ್ಕೆ, ಕೆಂಟ್ ಜಿಲ್ಲೆಯ ಊರು. ಮಿಕ್, ಕೀತ್ ಬೆಳೆದದ್ದು ಇಲ್ಲೇ. ಲಂಡನ್ನಿನ ಹೊಸ ರೈಲು ಮಾರ್ಗ ಎಲಿಜಬೆತ್ ಲೈನ್ ಶುರುವಾಗಿ ಒಂದು ತಿಂಗಳಾಗಿತ್ತಷ್ಟೆ. ಹೊಳೆಯುವ ಹೊಸ ನಿಲ್ದಾಣಗಳು. ಪ್ಯಾಡಿಂಗ್ಟನ್‌ನಿಂದ ಆ್ಯಬಿ ವುಡ್‌ವರೆಗೆ ಅದರಲ್ಲಿ ಹೋಗಿ, ಅಲ್ಲಿಂದ ಸಾಮಾನ್ಯ ರೈಲು ಹಿಡಿದೆವು.

ಡಾರ್ಟ್‌ಫರ್ಡ್ ಪ್ರವಾಸಿಗರ ಊರಲ್ಲ. ಹೈ ಸ್ಟ್ರೀಟು, ಅಂಗಡಿಗಳು, ಬಸ್ ಕಾಯುವವರು. ನಮಗೆ ಬೇಕಿದ್ದುದು ರೈಲು ನಿಲ್ದಾಣವೇ. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಒಂದು ನೀಲಿ ಫಲಕ ಇದೆ. 1961ರ ಅಕ್ಟೋಬರ್ 17ರ ಬೆಳಿಗ್ಗೆ ಮಿಕ್ ಮತ್ತು ಕೀತ್ ಭೇಟಿಯಾದದ್ದು ಇಲ್ಲಿ. ಚಿಕ್ಕವರಿದ್ದಾಗ ಒಂದೇ ಶಾಲೆ, ಆಮೇಲೆ ಸಂಪರ್ಕ ತಪ್ಪಿತ್ತು. ಅವತ್ತು ಮಿಕ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೊರಟಿದ್ದರು, ಕೀತ್ ಸಿಡ್ಕಪ್‌ನ ಕಲಾಶಾಲೆಗೆ. ಮಿಕ್ ಕಂಕುಳಲ್ಲಿ ಚಕ್ ಬೆರಿ ಮತ್ತು ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ರೆಕಾರ್ಡುಗಳು. ಇಂಗ್ಲೆಂಡಿನಲ್ಲಿ ಅವು ಸುಲಭಕ್ಕೆ ಸಿಗುತ್ತಿರಲಿಲ್ಲ. ಶಿಕಾಗೋಗೆ ಬರೆದು ಅಂಚೆಯಲ್ಲಿ ತರಿಸಬೇಕಿತ್ತು. ಅದನ್ನು ನೋಡಿಯೇ ಕೀತ್ ಮಾತಿಗೆ ನಿಂತರು.

2015ರಲ್ಲಿ ಫಲಕ ಹಾಕಿದಾಗ, ಹಿಂದೆ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಬಿಲ್ ವೈಮನ್ ಸಿಟ್ಟಾಗಿದ್ದರು. ತಂಡ ಕಟ್ಟಿದ್ದು ಮಿಕ್, ಕೀತ್ ಅಲ್ಲ, ಬ್ರಯಾನ್ ಜೋನ್ಸ್ ಅಂತ ಅವರ ವಾದ. ಆ ವಾದ ಸರಿಯೇ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಸಂಗೀತಗಾರರನ್ನು ಹುಡುಕಿದವರು ಬ್ರಯಾನ್. ಹೆಸರಿಟ್ಟವರೂ ಅವರೇ, ಮಡ್ಡಿ ವಾಟರ್ಸ್ ಹಾಡೊಂದರಿಂದ. ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾನು ಅವರನ್ನೂ ನೆನೆದೆ. ನಮ್ಮ ಪಕ್ಕದಲ್ಲಿ ಆಫೀಸಿಗೆ ಹೊರಟವರು ಫೋನ್ ನೋಡುತ್ತಾ ರೈಲಿಗೆ ಕಾಯುತ್ತಿದ್ದರು. ಫಲಕದ ಕಡೆ ಯಾರೂ ತಿರುಗಲಿಲ್ಲ. ದಿನಾ ನೋಡುವವರಿಗೆ ಅದೇನು ಹೊಸದಲ್ಲ ಬಿಡಿ.

ಮಿಕ್ ಓದಿದ ಡಾರ್ಟ್‌ಫರ್ಡ್ ಗ್ರಾಮರ್ ಸ್ಕೂಲಿನ ಆವರಣದಲ್ಲಿ ಅವರ ಹೆಸರಿನ ಕಲಾಕೇಂದ್ರ ಇದೆ. ಹೊರಗಿನಿಂದಲೇ ನೋಡಿದೆವು. ಊರಿನ ಹೊಸ ಬಡಾವಣೆಯೊಂದರಲ್ಲಿ ಬೀದಿಗಳಿಗೆ ಅವರ ಹಾಡುಗಳ ಹೆಸರು: ರೂಬಿ ಟ್ಯೂಸ್‌ಡೇ ಡ್ರೈವ್, ಆ್ಯಂಜಿ ಮ್ಯೂಸ್, ಸಿಂಪಥಿ ವೇಲ್. ಅಲ್ಲಿಗೆ ಹೋಗಲು ಹೊತ್ತು ಸಿಗಲಿಲ್ಲ.

ನಾವು ಬಂದ ಮರುವರ್ಷ, 2023ರ ಅಕ್ಟೋಬರಿನಲ್ಲಿ, ಅವರ ಹೊಸ ಆಲ್ಬಮ್ ಬಂತು. ಚಾರ್ಲಿ ಸಾಯುವ ಮೊದಲು ನುಡಿಸಿಟ್ಟ ಎರಡು ಹಾಡುಗಳು ಅದರಲ್ಲಿವೆ. ಕೊನೆಯ ಹಾಡಿನಲ್ಲಿ ಮಿಕ್, ಕೀತ್ ಇಬ್ಬರೇ. ಮಡ್ಡಿ ವಾಟರ್ಸ್ ಅವರ ಅದೇ ಹಾಡು, ತಂಡಕ್ಕೆ ಹೆಸರು ಕೊಟ್ಟಿದ್ದು. 2024ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಮತ್ತೆ ಪ್ರವಾಸ ಶುರು ಮಾಡಿ, ಜುಲೈ 21ರಂದು ಮಿಸೌರಿಯಲ್ಲಿ ಮುಗಿಸಿದರು. ಅದಾದ ಐದನೇ ದಿನ ಮಿಕ್ ಅವರಿಗೆ 81 ತುಂಬಿತು. ಮತ್ತೆ ಯುರೋಪಿನ ಕಡೆ ಬಂದರೆ ಟಿಕೆಟ್ ತೆಗೆದಿಡು ಅಂತ ಹ್ಯಾರೋದ ಗೆಳೆಯನಿಗೆ ಹೇಳಿಟ್ಟಿದ್ದೇನೆ.