ಡ್ರೈವರ್ ಮೇಲೆ ಗೂಬೆ ಕೂರಿಸಿದ್ದು

ಲೈನ್ ಜೀವಂತವಿದೆಯೇ ಎಂದು ನೋಡಲು ಕಳಿಸುವ ಪುಟ್ಟ ಪ್ಯಾಕೆಟ್, ಅಂದರೆ ಪಿಂಗ್, ಸಲೀಸಾಗಿ ಹೋಗಿಬರುತ್ತಿತ್ತು. ದೂರದ ಮಷೀನಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡ ಚೆನ್ನಾಗೇ ಓಡುತ್ತಿತ್ತು. ಕ್ಲೈಂಟ್‌ಗೆ ಬಿಲ್ಡ್ ಅಪ್‌ಲೋಡ್ ಮಾಡಹೋದರೆ ಮಾತ್ರ ಲೈನ್ ತೆವಳುತ್ತಿತ್ತು. ನಮ್ಮ ಬೆಂಗಳೂರು ಆಫೀಸಿನ ಗೇಟ್‌ವೇ, ಅಂದರೆ ಆಫೀಸಿನ ನೆಟ್‌ವರ್ಕನ್ನು ಹೊರಗಿನ ಲೈನ್‌ಗೆ ಸೇರಿಸುವ ಮಷೀನ್, ಓಡುವುದು ಫ್ರೀಬಿಎಸ್‌ಡಿ ಎಂಬ ಓಪನ್ ಸೋರ್ಸ್ ಓಎಸ್ ಮೇಲೆ. ಇಂಟೆಲ್ ನೆಟ್‌ವರ್ಕ್ ಕಾರ್ಡ್, ಅದನ್ನು ನಡೆಸುವ ಇಎಂ ಡ್ರೈವರ್. ಆ ವಾರಾಂತ್ಯ ನಮಗೆ ಲೀಸ್ಡ್ ಲೈನ್ (ಬಾಡಿಗೆಯ ಇಂಟರ್ನೆಟ್ ಲೈನ್) ಕೊಟ್ಟ ಕಂಪನಿಯವರು ತಮ್ಮ ಸ್ವಿಚ್ ಬದಲಾಯಿಸಿದ್ದರು, ನಾನು ಓಎಸ್ ಅಪ್‌ಗ್ರೇಡ್ ಮಾಡಿದ್ದೆ. ಹಾಗಾಗಿ ಎಲ್ಲರ ಕಣ್ಣು ನನ್ನ ಮೇಲೆ, ನನ್ನ ಕಣ್ಣು ಡ್ರೈವರ್ ಮೇಲೆ.

ನನಗೆ ಪೂರ್ವಗ್ರಹವೂ ಇತ್ತೆನ್ನಿ. ಫ್ರೀಬಿಎಸ್‌ಡಿಗೆ ರಾಶಿ ನೆಟ್‌ವರ್ಕ್ ಡ್ರೈವರ್ ಬರೆದ ಬಿಲ್ ಪಾಲ್, ರಿಯಲ್‌ಟೆಕ್ 8139ರ ಆರ್‌ಎಲ್ ಡ್ರೈವರಿನ ಸೋರ್ಸ್ ಒಳಗೇ ಆ ಚಿಪ್ಪನ್ನು ಝಾಡಿಸಿದ್ದಾರೆ. 'ಲೋ ಎಂಡ್' ಎನ್ನುವುದಕ್ಕೇ ಇದು ಹೊಸ ಅರ್ಥ ಕೊಟ್ಟಿದೆಯಂತೆ; ಪ್ಯಾಕೆಟ್ ಕಳಿಸಲು ಹೆಚ್ಚುಕಮ್ಮಿ ಪ್ರತಿ ಸಲವೂ ಎಂಬಫ್ (ಓಎಸ್ ಪ್ಯಾಕೆಟ್ ಇಡುವ ಮೆಮರಿ ತುಂಡು) ಕಾಪಿ ಮಾಡಬೇಕಂತೆ. ಆ ಕಾಮೆಂಟ್ ಓದಿ ನಕ್ಕಿದ್ದೆ. ಅದರ ಕೆಳಗಿನ ಕೋಡ್ ಓದಿರಲಿಲ್ಲ.

ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದೆ. ನಮ್ಮ ಕಡೆಯಿಂದ ಹೊರಡುವ ಪ್ಯಾಕೆಟ್‌ಗಳಲ್ಲಿ ಸಾಲುಸಾಲಾಗಿ 'ಇನ್‌ಕರೆಕ್ಟ್ ಚೆಕ್‌ಸಮ್'. ಪ್ಯಾಕೆಟ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಮೊತ್ತವೇ ತಪ್ಪು ಎಂದರ್ಥ. ಸಿಕ್ಕಿತಲ್ಲ! ಎಲ್ಲರೂ ಸೇರಿದ್ದ ಬ್ರಿಜ್ ಕಾಲ್‌ನಲ್ಲಿ ಅನ್‌ಮ್ಯೂಟ್ ಮಾಡಿ, "ರೂಟ್ ಕಾಸ್ ಸಿಕ್ತು, ಡ್ರೈವರ್ ಚೆಕ್‌ಸಮ್ ತಪ್ಪು ಹಾಕ್ತಿದೆ" ಎಂದು ಘೋಷಿಸಿದೆ. ಈ ಮೊತ್ತದ ಕೆಲಸವನ್ನು ಕಾರ್ಡ್‌ಗೆ ಒಪ್ಪಿಸುವ ಟಿಎಕ್ಸ್‌ಸಿಸಮ್ ಆಫ್‌ಲೋಡ್ ಆಫ್ ಮಾಡಿದೆ. ಡಂಪ್ ಸ್ವಚ್ಛ. "ಈಗ ಟ್ರೈ ಮಾಡಿ ಸರ್" ಅಂದೆ, ತುಸು ಜಂಬದಲ್ಲೇ.

ಸ್ಕ್ರೀನ್ ಶೇರ್‌ನಲ್ಲಿ ಅಪ್‌ಲೋಡ್ ಬಾರ್ ಶುರುವಾಯಿತು. 3 ಪರ್ಸೆಂಟ್. ಯಾರೂ ಮಾತಾಡಲಿಲ್ಲ. 4 ಆಯಿತು, ನಿಂತಿತು. "ಮೂವ್ ಆಗ್ತಿದೆಯೇನ್ರೀ?" ಎಂದರು ಮ್ಯಾನೇಜರ್. "ಬಫರ್ ಫ್ಲಶ್ ಆಗ್ಬೇಕು ಸರ್, ಸ್ವಲ್ಪ ಟೈಮ್ ಕೊಡಿ" ಅಂದೆ. ಹಾಗಂದರೇನು ಅಂತ ನನಗೇ ಗೊತ್ತಿರಲಿಲ್ಲ. ಕ್ಲೈಂಟ್ ಕಡೆಯವರು ಯಾರೋ ಗಂಟಲು ಸರಿಮಾಡಿಕೊಂಡರು. ಬಾರ್ ಇನ್ನೂ ನಾಲ್ಕರಲ್ಲೇ.

ಅಷ್ಟರಲ್ಲಿ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಚಾಟ್‌ನಲ್ಲಿ ಬರೆದಳು: "ಸರ್, ನೆಟ್‌ಸ್ಟ್ಯಾಟ್‌ನಲ್ಲಿ ಕೊಲಿಷನ್ ಕಾಲಂ ಏರ್ತಾನೇ ಇದೆ. ಆ ಕಡೆ ಸ್ವಿಚ್ ಇರೋವಾಗ ಕೊಲಿಷನ್ ಯಾಕ್ ಬರತ್ತೆ?"

ಕೊಲಿಷನ್ ಎಂದರೆ ಎರಡೂ ಕಡೆಯವರು ಒಟ್ಟಿಗೆ ಕಳಿಸಿ ಪ್ಯಾಕೆಟ್‌ಗಳು ಡಿಕ್ಕಿಯಾಗುವುದು. ಕಾರ್ಡಿನ ಸೆಟ್ಟಿಂಗ್ ತೋರಿಸುವ ಐಎಫ್‌ಕಾನ್ಫಿಗ್‌ನಲ್ಲಿ ಬೆಳಗ್ಗೆಯಿಂದ ನಾನು ಐಪಿ ಸಾಲನ್ನಷ್ಟೇ ನೋಡಿದ್ದೆ. ಮೀಡಿಯಾ ಸಾಲು ಹೇಳುತ್ತಿತ್ತು: ಆಟೋಸೆಲೆಕ್ಟ್, 100ಬೇಸ್‌ಟಿಎಕ್ಸ್ (100 ಎಂಬಿಪಿಎಸ್), ಹಾಫ್ ಡ್ಯೂಪ್ಲೆಕ್ಸ್. ಹಾಫ್ ಅಂದರೆ ಒಂದು ಸಲಕ್ಕೆ ಒಂದೇ ದಿಕ್ಕು; ಫುಲ್ ಆದರೆ ಎರಡೂ ದಿಕ್ಕು ಒಟ್ಟಿಗೆ, ಡಿಕ್ಕಿಯ ಮಾತೇ ಇಲ್ಲ. ಲೈನ್‌ನವರು ಹೊಸ ಸ್ವಿಚ್ ಪೋರ್ಟನ್ನು 100 ಫುಲ್‌ಗೆ ಫಿಕ್ಸ್ ಮಾಡಿ ಎರಡೂ ಕಡೆ ತಾವೇ ಮಾತಾಡಿಕೊಂಡು ಸ್ಪೀಡ್, ಡ್ಯೂಪ್ಲೆಕ್ಸ್ ಹೊಂದಿಸಿಕೊಳ್ಳುವ ಆಟೋ ನೆಗೋಶಿಯೇಶನ್ ತೆಗೆದಿದ್ದರು. ಎದುರಿನವ ನೆಗೋಶಿಯೇಟ್ ಮಾಡದಿದ್ದರೆ ಕಾರ್ಡ್‌ಗೆ ಸ್ಪೀಡ್ ಮಾತ್ರ ತಿಳಿಯುತ್ತದೆ, ಡ್ಯೂಪ್ಲೆಕ್ಸ್ ತಿಳಿಯುವುದಿಲ್ಲ. ನಿಯಮದ ಪ್ರಕಾರ ಹಾಫ್‌ಗೆ ಇಳಿಯುತ್ತದೆ. ಆಗೊಂದು ಈಗೊಂದು ಹೋಗುವ ಪಿಂಗ್ ಪಾಸಾಗುತ್ತದೆ, ಎರಡೂ ಕಡೆಯಿಂದ ಟ್ರಾಫಿಕ್ ನುಗ್ಗಿದಾಗ ಲೇಟ್ ಕೊಲಿಷನ್, ಅಂದರೆ ಪ್ಯಾಕೆಟ್ ಒಂದಿಷ್ಟು ಹೋದಮೇಲೆ ಆಗುವ ಡಿಕ್ಕಿ. ಇಎಂ ಡ್ರೈವರ್ ಆ ಲೆಕ್ಕವನ್ನೂ ಓಎಸ್‌ನ ಒಳಗಿನ ಅಂಕಿಗಳನ್ನು ತೋರಿಸುವ ಸಿಸ್‌ಸಿಟಿಎಲ್‌ನಲ್ಲಿ ಇಟ್ಟಿತ್ತು. ನಮ್ಮ ಕಡೆಯೂ ಫುಲ್ ಡ್ಯೂಪ್ಲೆಕ್ಸ್ ಅಂತ ಫಿಕ್ಸ್ ಮಾಡಿದೆವು. ಬಾರ್ ಓಡಿತು.

ಹಾಗಾದರೆ ಚೆಕ್‌ಸಮ್? ರಾತ್ರಿ ಕೂತು ಸೋರ್ಸ್ ತೆಗೆದೆ. ಈ ಡ್ರೈವರ್ ಇಂಟೆಲ್‌ನವರೇ ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಕೊಟ್ಟದ್ದು, ಇ1000 ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಓದಬಹುದು. ಆಫ್‌ಲೋಡ್ ಇದ್ದಾಗ ಓಎಸ್‌ನ ತಿರುಳಾದ ಕರ್ನಲ್ ಸ್ಯೂಡೋ ಹೆಡರ್‌ನ (ವಿಳಾಸ ಮುಂತಾದ ಕೆಲವೇ ವಿವರಗಳ) ಮೊತ್ತವನ್ನಷ್ಟೇ ಹಾಕಿ ಕಳಿಸುತ್ತದೆ, ಉಳಿದದ್ದನ್ನು ಕಾರ್ಡ್ ತಂತಿಗೆ ಇಳಿಸುವಾಗ ತುಂಬುತ್ತದೆ. ಟಿಸಿಪಿಡಂಪ್ ನೋಡುವುದು ಮೆಮರಿಯಲ್ಲಿರುವ ಅರೆಬರೆ ಪ್ಯಾಕೆಟ್ಟನ್ನು. ಕಳಿಸುವ ಮಷೀನಿನಲ್ಲೇ ನೋಡಿದರೆ ಆ ಸಾಲುಗಳು ಇದ್ದೇ ಇರುತ್ತವೆ.

ಮರುದಿನ ಆರ್‌ಸಿಎ (ಮೂಲ ಕಾರಣದ ವರದಿ) ನೋಡಿದರೆ 'ಓಪನ್ ಸೋರ್ಸ್ ಡ್ರೈವರ್ ಲಿಮಿಟೇಶನ್' ಎಂದೇ ಇತ್ತು. ನನ್ನದೇ ಮಾತು. ತಿದ್ದಿ ಅಂದರೆ ಮ್ಯಾನೇಜರ್ ಒಪ್ಪಲಿಲ್ಲ. "ಲೈನ್‌ನವರ ಹೆಸರು ಹಾಕಿದ್ರೆ ಎಸ್ಕಲೇಶನ್ ಕಾಲ್ ಬರತ್ತೆ, ಮೂರು ಮೀಟಿಂಗ್ ಆಗತ್ತೆ. ಡ್ರೈವರ್ ಪರವಾಗಿ ಯಾರ್ರೀ ಫೋನ್ ಮಾಡ್ತಾರೆ?" ಎಂದರು. ಆಟೋ ನೆಗೋಶಿಯೇಶನ್ ಆನ್ ಮಾಡಿ ಅಂತ ಲೈನ್‌ನವರಿಗೆ ಹಾಕಿದ ಟಿಕೆಟ್ 'ನೋ ಇಶ್ಯೂ ಫೌಂಡ್' ಎಂದು ಕ್ಲೋಸ್ ಆಯಿತು. ಐಎಫ್‌ಕಾನ್ಫಿಗ್ ಔಟ್‌ಪುಟ್ ಅಂಟಿಸಿ ಮತ್ತೆ ಓಪನ್ ಮಾಡಿದ್ದೇನೆ, ಈ ಸಲ ಮ್ಯಾನೇಜರ್‌ಗೂ ಕಾಪಿ ಹಾಕಿ.